ಹದಿನೇಳನೆಯವನ ಚಾಡಿ

ಚೀಲವನ್ನು ಎರಡು ಪಾದಗಳ ನಡುವೆ ಇರುಕಿಸಿಕೊಂಡು ಅವನು ಆಸ್ಪತ್ರೆಯ ಬೆಂಚಿನ ತುದಿಯಲ್ಲಿ ಕೂತಿದ್ದ. ಬೆನ್ನು ನವೆಯುತ್ತಿತ್ತು. ಕೆರೆದುಕೊಳ್ಳಬಾರದು ಎಂದು ಡಾಕ್ಟರಮ್ಮ ಹೇಳಿದ್ದರು. ಕೆರೆದುಕೊಳ್ಳದೆ ಕೂತರೆ ಬೆನ್ನಿನ ಮೇಲೆ ಯಾರೋ ಬಿಸಿ ಬೂದಿ ಸುರಿದು ಉಜ್ಜುತ್ತಿದ್ದಾರೆ ಅನ್ನಿಸುತ್ತಿತ್ತು. ಅವನು ಗೋಡೆಗೆ ಒರಗಿ, ಯಾರೂ ನೋಡದಂತೆ, ಎತ್ತು ಕಂಬಕ್ಕೆ ಮೈ ತಿಕ್ಕುವ ಹಾಗೆ ಮೆಲ್ಲಗೆ ಮೇಲೆ ಕೆಳಗೆ ಆಡಿದ. ಅಂಗಿಯ ತೋಳಿನಿಂದ ಬಿಳಿ ಹುರುಪೆ ಉದುರಿ ನೆಲಕ್ಕೆ ಬಿತ್ತು. ಅದನ್ನು ಚಪ್ಪಲಿಯಿಂದ ಬೆಂಚಿನ ಅಡಿಗೆ ಸರಿಸಿದ. ಪಕ್ಕದಲ್ಲಿದ್ದ ಹೆಂಗಸು ತನ್ನ ಸೆರಗನ್ನು ಎಳೆದುಕೊಂಡು ಸ್ವಲ್ಪ ಆಚೆ ಜರುಗಿದಳು. ಅವಳನ್ನು ಅವನು ಬೈಯಲಿಲ್ಲ. ಚೀಲದೊಳಗೆ ಆಸ್ಪತ್ರೆಯ ಚೀಟಿ ಇತ್ತು, ನೀರಿನ ಬಾಟಲಿ ಇತ್ತು, ಹಳೆಯ ಟವೆಲು ಇತ್ತು, ಟವೆಲಿನೊಳಗೆ ಅಪ್ಪನ ಚೂರಿ ಇತ್ತು. ಇಲ್ಲಿಂದ ನೇರವಾಗಿ ಮಾಂಸದ ಅಂಗಡಿಗೆ ಹೋಗುವುದು, ತಮ್ಮನ ಎದುರು ನಿಲ್ಲುವುದು, ಆಮೇಲಿನದನ್ನು ಕೈ ನೋಡಿಕೊಳ್ಳುತ್ತದೆ. ಜೀವಮಾನವಿಡೀ ಕುರಿಯ ಕೊರಳು ಹಿಡಿದ ಕೈ. ಎಲ್ಲಿ ಮೆತ್ತಗಿರುತ್ತದೆ ಎಂದು ಅದಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಮನುಷ್ಯನ ಕೊರಳೂ ಅಷ್ಟೇ ಮೆತ್ತಗಿರುತ್ತದೆ ಎಂಬ ಯೋಚನೆ ಬಂದು ಅವನಿಗೆ ಬಾಯಿ ಒಣಗಿತು. ನೀರು ಕುಡಿಯಲು ಚೀಲಕ್ಕೆ ಕೈ ಹಾಕಿದರೆ ಮೊದಲು ಸಿಕ್ಕಿದ್ದು ಚೂರಿಯ ಹಿಡಿ.

ಬೆಳಿಗ್ಗೆ ಹೆಂಡತಿ ಒಲೆಯ ಮುಂದೆ ನಿಂತು, ಬೆನ್ನು ತಿರುಗಿಸಿಕೊಂಡೇ ಹೇಳಿದ್ದಳು: "ರೀ, ಕೇಳಿದ್ರಾ? ನಿಮ್ಮ ತಮ್ಮ ಅಂಗಡಿ ಕೊರಡು ಸುಟ್ಟುಹಾಕ್ತಾನಂತೆ."

"ಯಾರಂದ್ರು?"

"ಮೂಲೆಮನೆಯವಳು ಅಂದ್ಲು. ಅಣ್ಣನ ಹುರುಪೆ ಆ ಮರದೊಳಕ್ಕೆ ಇಳಿದುಹೋಗಿದೆ, ಎಷ್ಟು ಉಜ್ಜಿದ್ರೂ ಹೋಗಲ್ಲ, ಗಿರಾಕಿಗಳು ಹೇಸ್ಕೋತಾರೆ, ಅದಕ್ಕೆ ಒಡೆಸಿ ಬೆಂಕಿಗೆ ಹಾಕ್ತೀನಿ ಅಂದ್ನಂತೆ."

"ನೀನು ಕಿವಿಯಾರೆ ಕೇಳಿದ್ಯಾ?"

"ನಾನ್ಯಾಕೆ ಕೇಳ್ಲಿ? ಅವಳು ಹೇಳಿದ್ದನ್ನ ಹೇಳಿದೆ. ನಿಮಗೆ ತಿಳಿದಿರ್ಲಿ ಅಂತ."

ಅವಳ ಮಾತೆಲ್ಲ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತಿತ್ತು, ನಿಮಗೆ ತಿಳಿದಿರ್ಲಿ ಅಂತ. ಅವಳು ಕೆಟ್ಟವಳಲ್ಲ. ಅವನ ಹಾಸಿಗೆಯನ್ನು ದಿನವೂ ಕೊಡವುತ್ತಿದ್ದವಳು, ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದವಳು ಅವಳೊಬ್ಬಳೇ. ಗಂಡನಿಗೆ ಯಾರಾದರೂ ಏನಾದರೂ ಅಂದರೆ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಅವನ ಮುಂದೆ ಬಿಚ್ಚುವುದು ತನ್ನ ಕೆಲಸ ಎಂದುಕೊಂಡಿದ್ದಳು. ಅವನು ತಟ್ಟೆಯನ್ನು ಗೋಡೆಗೆ ಎಸೆದ. ತಟ್ಟೆ ನೆಲದ ಮೇಲೆ ಗಿರಗಿರ ತಿರುಗಿ ನಿಲ್ಲುವ ತನಕ ಇಬ್ಬರೂ ಅದನ್ನೇ ನೋಡಿದರು. ಅವಳು ಅನ್ನ ಗುಡಿಸಲು ಬಗ್ಗಿದಾಗ ಅವನು ಒಳಗೆ ಹೋಗಿ, ಕಪಾಟಿನ ಮೇಲಿನ ತಗಡಿನ ಪೆಟ್ಟಿಗೆಯಿಂದ ಚೂರಿ ತೆಗೆದುಕೊಂಡ. ಪೆಟ್ಟಿಗೆಯ ಮುಚ್ಚಳ ಹಾಕಿದನೋ ಇಲ್ಲವೋ ಈಗ ನೆನಪಾಗಲಿಲ್ಲ.

ಮಾಂಸ ಕೊಚ್ಚುವ ಆ ಕೊರಡು ಅಪ್ಪ ಇಟ್ಟದ್ದು. ಇಬ್ಬರು ತಬ್ಬಿದರೂ ಕೈ ಕೂಡದಷ್ಟು ದಪ್ಪದ ಮರದ ಬುಡ. ಅಪ್ಪ ಕೊಚ್ಚಿ, ಆಮೇಲೆ ಅವನು ಕೊಚ್ಚಿ, ನಡುವೆ ಬಟ್ಟಲಿನ ಹಾಗೆ ತಗ್ಗು ಬಿದ್ದಿತ್ತು. ಅಪ್ಪನಿಗೆ ಒಂದು ಕಟ್ಟಳೆ ಇತ್ತು. ಚೂರಿಯನ್ನು ಕೈಯಿಂದ ಕೈಗೆ ಕೊಡಬಾರದು. ಕೊಡುವವನು ಕೊರಡಿನ ಮೇಲೆ ಇಡಬೇಕು, ಕೈ ಹಿಂದಕ್ಕೆ ತೆಗೆಯಬೇಕು, ತಗೊಳ್ಳುವವನು ಆಮೇಲೆ ಎತ್ತಿಕೊಳ್ಳಬೇಕು. ನಡುವೆ ಮರ ಇರಬೇಕು. ಅವನು ಸಣ್ಣವನಿದ್ದಾಗ ಒಮ್ಮೆ ಅವಸರದಲ್ಲಿ ತಮ್ಮನ ಕೈಗೇ ಚೂರಿ ಚಾಚಿದ್ದ. ತಮ್ಮನೂ ಕೈ ಚಾಚಿದ್ದ. ಅಪ್ಪ ಮಾತಾಡದೆ ಬಂದು ಮಚ್ಚಿನ ಬೆನ್ನಿನಿಂದ ಇಬ್ಬರ ಬೆರಳಿನ ಗೆಣ್ಣಿಗೂ ಹೊಡೆದ. ತಮ್ಮನ ಉಗುರು ಕಪ್ಪಾಗಿ ಬಿದ್ದುಹೋಯಿತು. "ಕೈಗೆ ಕೈಗೆ ಕೊಟ್ರೆ ಅದು ಕೊಡೋದಲ್ಲ ಕಣ್ರೋ, ತಿವಿಯೋದು," ಅಂದಿದ್ದ ಅಪ್ಪ. ಆ ರಾತ್ರಿ ಒಂದೇ ಚಾಪೆಯಲ್ಲಿ ಮಲಗಿ ಇಬ್ಬರೂ ಊದಿದ ಬೆರಳುಗಳನ್ನು ಒಬ್ಬರದನ್ನೊಬ್ಬರು ಬಾಯಿಂದ ಊದಿಕೊಂಡಿದ್ದರು. ಆ ತಮ್ಮನೇ, ದೊಡ್ಡವರಾದ ಮೇಲೆ ಒಂದು ದಿನ, ಅಂಗಡಿ ತುಂಬ ಜನ ಇರುವಾಗ, ಮಚ್ಚು ಮೇಲೆತ್ತಿಕೊಂಡೇ ಕಿರುಚಿದ್ದು: "ಕೊರಡು ಮುಟ್ಟಬೇಡ! ಎಷ್ಟು ಸಲ ಹೇಳ್ಬೇಕು ನಿನಗೆ? ಕೈ ನೋಡ್ಕೋ ಒಂದ್ಸಲ!" ಅವನು ತೂಕದ ಬಟ್ಟಲಿಗೆ ಮಾಂಸ ಹಾಕಲು ಹೋಗಿದ್ದನಷ್ಟೇ. ಮೊಣಕೈಯಿಂದ ಉದುರಿದ್ದು ಕೊರಡಿನ ಕೆಂಪಿನ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಬಿದ್ದಿತ್ತು. ಗಿರಾಕಿಗಳಲ್ಲಿ ಒಬ್ಬ, "ಏನಣ್ಣ, ಉಪ್ಪು ಹಾಕೇ ಕೊಡ್ತೀರಾ ಈಗ?" ಅಂದ. ಎಲ್ಲರೂ ನಕ್ಕರು. ತಮ್ಮ ನಗಲಿಲ್ಲ ಅನ್ನುವುದು ಅವನಿಗೆ ನೆನಪಿದೆ. ಆದರೆ ಆ ನೆನಪು ಬಂದಾಗಲೆಲ್ಲ ತಮ್ಮನ ಬಾಯಿಯೂ ಸೇರಿ ನಕ್ಕ ಹಾಗೆ ಕಾಣುತ್ತದೆ. ಅಂದಿನಿಂದ ಅವನು ಅಂಗಡಿಯ ಮೆಟ್ಟಿಲು ಹತ್ತಿಲ್ಲ. ಬರುವಾಗ ಅಪ್ಪನ ಚೂರಿಯೊಂದನ್ನು ಎತ್ತಿಕೊಂಡು ಬಂದಿದ್ದ. ಮೂಳೆಯಿಂದ ಮಾಂಸ ಬಿಡಿಸುವ ಆ ಸಣ್ಣ ಚೂರಿ ಇಲ್ಲದೆ ತಮ್ಮನಿಗೆ ಕೈ ಮುರಿದ ಹಾಗೆ ಎಂದು ಗೊತ್ತಿದ್ದೇ ಎತ್ತಿಕೊಂಡು ಬಂದದ್ದು. ತಮ್ಮ ಹೇಳಿಕಳಿಸಿದ, ಮತ್ತೆ ಹೇಳಿಕಳಿಸಿದ. ಇವನು ಕೊಡಲಿಲ್ಲ. ಆ ಚೂರಿಯ ಬೆನ್ನಿನಿಂದ ಬೆನ್ನು ಕೆರೆದುಕೊಳ್ಳುತ್ತಿದ್ದ, ರಕ್ತ ಬರುವ ತನಕ. ರಕ್ತ ಬಂದ ಮೇಲೆ ಸ್ವಲ್ಪ ಹೊತ್ತು ಸುಖವಾಗಿರುತ್ತಿತ್ತು.

"ಏನ್ ಮಾಂಸದಣ್ಣ, ಮುಖ ಹೀಗೆ ಗಂಟು ಹಾಕ್ಕೊಂಡಿದೀಯಾ?" ಅಂದ ಪೇಂಟರು, ಬಂದು ಪಕ್ಕದಲ್ಲೇ ಧೊಪ್ಪನೆ ಕೂತು. ಗೋಡೆಗೆ ಬಣ್ಣ ಹೊಡೆಯುವವನು. ಇವನ ಹಾಗೇ ಸೋರಿಯಾಸಿಸ್, ಇವನ ಹಾಗೇ ಈ ಹೊಸ ಸೂಜಿಯ ಪರೀಕ್ಷೆಗೆ ಸೇರಿಕೊಂಡವನು. ಅರ್ಧ ಜನಕ್ಕೆ ಔಷಧಿ, ಅರ್ಧ ಜನಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದು ಎಂದು ಚುಚ್ಚುವವರಿಗೂ ಗೊತ್ತಿಲ್ಲ. ಪೇಂಟರು ಅಂಗಿಯ ತೋಳು ಮೇಲೆ ಸರಿಸಿ ತೋರಿಸಿದ. ಮಗುವಿನ ಕೆನ್ನೆಯ ಹಾಗಿತ್ತು ತೋಳು. "ನೋಡು, ಎರಡು ಕೋಟು ಹೊಡೆದು ಪಾಲಿಶ್ ಮಾಡಿದ ಹಾಗಿಲ್ವಾ? ನನಗೆ ಸಿಕ್ಕಿರೋದು ಅಸಲು ಮಾಲೇ. ನಿನಗೆ ನೀರು ಕಣಣ್ಣ, ಸುಮ್ನೆ ಕುಡ್ಕೊಂಡಿದ್ರೂ ಆಗ್ತಿತ್ತು." ಅವನು ನಗೆಚಾಟಿಕೆಗೇ ಅಂದದ್ದು. ಇವನಿಗೆ ಆ ನುಣುಪಾದ ತೋಳನ್ನು ಹಿಡಿದು ತಿರುಚಿ, ಕೀಲಿನಲ್ಲಿ ಮುರಿಯುವ ಸದ್ದು ಕೇಳಬೇಕು ಅನ್ನಿಸಿತು. ಪಾದದ ನಡುವಿನ ಚೀಲವನ್ನು ಇನ್ನೂ ಬಿಗಿಯಾಗಿ ಒತ್ತಿಕೊಂಡ. "ಹೌದು ಮಾರಾಯ," ಅಂದ, "ಕುಡಿಯೋಕೂ ಲಾಯಕ್ಕಿಲ್ಲದ ನೀರು."

ಒಳಗಿನಿಂದ ಕರೆದರು. ಮೊದಲು ಸೂಜಿ, ಆಮೇಲೆ ಬೆನ್ನಿನಿಂದ ಸಣ್ಣ ಚೂರು ಚರ್ಮ ತೆಗೆಯುವುದು. ಅವನು ಅಂಗಿ ಬಿಚ್ಚಿ ಬೋರಲು ಮಲಗಿದ. ಡಾಕ್ಟರಮ್ಮನ ಕೈ ಬೆನ್ನಿನ ಮೇಲೆ ಓಡಾಡಿತು. "ಮತ್ತೆ ಕೆರೆದಿದೀರಿ ಯಜಮಾನ್ರೇ. ಏನಿಂದ ಕೆರೆದ್ರಿ? ಉದ್ದುದ್ದ ಗೀರು ಬಿದ್ದಿದೆ." ಅವರ ಬೆರಳು ಒಂದು ಗೀರಿನ ಉದ್ದಕ್ಕೂ ಸರಿಯಿತು. "ಗೀರಿದ ಕಡೆಯೆಲ್ಲ ಹೊಸದಾಗಿ ಎದ್ದಿದೆ ನೋಡಿ, ಗೆರೆ ಎಳೆದ ಹಾಗೆ. ಗಾಯ ಆದ ಕಡೆಗೇ ಅದು ಬರೋದು. ಎಷ್ಟು ಸಲ ಹೇಳಿದೀನಿ." ಮುಖ ತಲೆದಿಂಬಿನಲ್ಲಿ ಹೂತಿದ್ದರಿಂದ ಅವನ ಉತ್ತರ ದಿಂಬಿಗೇ ಹೋಯಿತು. ಡಾಕ್ಟರಮ್ಮನಿಗೆ ಇವನ ಮಗಳಾಗುವಷ್ಟು ವಯಸ್ಸು. ಮೊದಲ ದಿನ, ಪರೀಕ್ಷೆಗೆ ಸೇರಿಸಿಕೊಳ್ಳುವ ಮುಂಚೆ, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಎಲ್ಲ ಹೇಳಿದ್ದರು. ಸೈಟೊಕೈನ್ ಅಂದಿದ್ದರು. ಅವನ ಬಾಯಲ್ಲಿ ಆ ಮಾತು ಹೊರಳಲಿಲ್ಲ. ಆಗ ಅವರು ತಲೆ ಕೆರೆದುಕೊಂಡು, ನಕ್ಕು, "ಚಾಡಿ ಅಂದ್ಕೊಳ್ಳಿ," ಅಂದಿದ್ದರು. "ಮೈಯೊಳಗಿನ ಕಣಗಳು ಒಂದಕ್ಕೊಂದು ಮಾತಾಡ್ಬೇಕಲ್ಲ? ಬಾಯಿಲ್ಲ. ಅದಕ್ಕೆ ಇದನ್ನ ಬಿಡ್ತವೆ. ಚರ್ಮದ ಒಂದು ಕಣ ಏನಕ್ಕೋ ಬೆಚ್ಚಿತು ಅಂತಿಟ್ಕೊಳ್ಳಿ. ಯಾರೋ ಬಂದ್ರು ಅಂತ ಚಾಡಿ ಕಳಿಸ್ತದೆ. ರಕ್ತದಲ್ಲಿರೋ ಕಾವಲಿನವರು ಓಡಿ ಬರ್ತಾರೆ. ಬಂದೋರು ಸುಮ್ನಿರಲ್ಲ, ಅವರೂ ಒಂದು ಚಾಡಿ ಬಿಡ್ತಾರೆ, ಅದರಲ್ಲಿ ಹದಿನೇಳನೇ ನಂಬರಿಂದು ಅಂತ ಒಂದಿದೆ, ಅದು ಬಹಳ ಜೋರು. ಅದನ್ನ ಕೇಳಿ ಚರ್ಮ ಗಾಬರಿಯಾಗಿ ಒಂದರ ಮೇಲೊಂದು ಪದರ ಹೊರಗೆ ತಳ್ತದೆ. ಗಾಬರಿಯಾದ ಚರ್ಮ ಮತ್ತೆ ಇನ್ನೊಂದು ಚಾಡಿ ಕಳಿಸ್ತದೆ. ಮತ್ತಷ್ಟು ಜನ ಬರ್ತಾರೆ. ಹೀಗೇ ಸುತ್ತು." "ಹಂಗಾರೆ ಈ ಸೂಜಿ?" ಅಂದಿದ್ದ ಇವನು. "ಆ ಹದಿನೇಳನೆಯವನನ್ನ ದಾರೀಲೇ ಹಿಡಿದು ಬಾಯಿ ಮುಚ್ಚೋದು." ಅವತ್ತಿನಿಂದ ಮನೆಯಲ್ಲಿ ನವೆ ಹೆಚ್ಚಾದರೆ ಅವನು ಹೆಂಡತಿಗೆ, "ಹದಿನೇಳನೆಯವನು ಶುರು ಮಾಡ್ದ ನೋಡು," ಅನ್ನುತ್ತಿದ್ದ. ಅವಳು ಅದನ್ನು ಮೂಲೆಮನೆಯವಳಿಗೆ ಹೇಳಿ, ಗಂಡನ ಮೈಯೊಳಗೆ ಹದಿನೇಳು ಜನ ಸೇರಿಕೊಂಡಿದ್ದಾರೆ ಎಂದು ಬೀದಿಗೆಲ್ಲ ಗೊತ್ತಾಗಿತ್ತು.

ಮರಗಟ್ಟಿಸುವ ಸೂಜಿ ಚುಚ್ಚಿದರು. ಅವನು ತಲೆಯನ್ನು ಪಕ್ಕಕ್ಕೆ ತಿರುಗಿಸಿದ. ಗೂಟದ ತುದಿಯಂಥ ಸಣ್ಣ ದುಂಡನೆಯ ಅಲಗನ್ನು ಬೆನ್ನಿಗೆ ಒತ್ತಿ ತಿರುಗಿಸಿದ್ದು ನೋವಾಗದಿದ್ದರೂ ಒತ್ತಡವಾಗಿ ತಿಳಿಯಿತು. ಕುರಿಗೂ ಕೊನೆಗೆ ಹೀಗೆಯೇ ಬರೀ ಒತ್ತಡವೇನೋ ಎಂದುಕೊಂಡ. ಎಷ್ಟೋ ಕೊರಳು. ಅವುಗಳ ಕಣ್ಣು ಒಂದೂ ನೆನಪಿಲ್ಲ, ಕಾಲು ಒದ್ದುಕೊಳ್ಳುತ್ತಿದ್ದ ಸದ್ದು ಮಾತ್ರ ಇದೆ. ತಮ್ಮನೂ ಹಾಗೆ ಕಾಲು ಒದ್ದುಕೊಳ್ಳುತ್ತಾನೆಯೇ, ಅಂಗಡಿಯ ನೆಲದ ಮೇಲೆ, ಚಪ್ಪಲಿ ಒಂದು ಕಡೆ ಹಾರಿಹೋಗಿ. ಆ ಚಿತ್ರ ತಂದದ್ದು ಖುಷಿಯೋ ಭಯವೋ ಅವನಿಗೆ ಬಿಡಿಸಿಕೊಳ್ಳಲು ಆಗಲಿಲ್ಲ. ಅಷ್ಟರಲ್ಲಿ ಡಾಕ್ಟರಮ್ಮ ಇನ್ನೊಂದು ಅಲಗು ಬೇಕು ಅಂದರು. ನರ್ಸು ಅದನ್ನು ಅವರ ಕೈಗೆ ಕೊಡಲಿಲ್ಲ. ನಡುವೆ ಇದ್ದ ಸ್ಟೀಲಿನ ತಟ್ಟೆಯಲ್ಲಿ ಇಟ್ಟು ಕೈ ಹಿಂದಕ್ಕೆ ತೆಗೆದಳು. ಡಾಕ್ಟರಮ್ಮ ತಟ್ಟೆಯಿಂದ ಎತ್ತಿಕೊಂಡರು. ಬೆನ್ನಲ್ಲಿ ಏನನ್ನೋ ಕತ್ತರಿಸಿದರು. ಅಲಗನ್ನು ಮತ್ತೆ ತಟ್ಟೆಯಲ್ಲಿ ಇಟ್ಟರು, ಕೈ ತೆಗೆದರು. ನರ್ಸು ಆಮೇಲೆ ಎತ್ತಿಕೊಂಡಳು. ಅವನು ಉಸಿರು ಬಿಗಿಹಿಡಿದು ನೋಡಿದ.

"ಕೈಗೇ ಯಾಕೆ ಕೊಡಲ್ಲ ತಾಯಿ?"

"ಯಾವುದನ್ನ? ಓ, ಇದನ್ನಾ? ಕೊಡಬಾರದು ಯಜಮಾನ್ರೇ. ಅವಸರದಲ್ಲಿ ಒಬ್ಬರಿಗೊಬ್ಬರು ಕುಯ್ಕೊಂಡುಬಿಡ್ತೀವಿ."

ಅಪ್ಪ ಬಂದು ಕೋಣೆಯ ಮೂಲೆಯಲ್ಲಿ ನಿಂತ ಹಾಗಾಯಿತು, ಮಚ್ಚು ಹಿಡಿದುಕೊಂಡು, ಮಾತಾಡದೆ. ಇವನ ಬಲಗೈ ಬೆರಳಿನ ಗೆಣ್ಣು ಮಂಚದ ಕಬ್ಬಿಣದ ಮೇಲೆ ಝುಮ್ಮೆಂದಿತು. ಕತ್ತಲೆಯಲ್ಲಿ ಯಾರೋ ಅದರ ಮೇಲೆ ಊದುತ್ತಿದ್ದರು. ತಮ್ಮನ ಬಾಯಿಯ ಬಿಸಿ, ಮುಂದಿನ ಹಲ್ಲು ಬಿದ್ದಿದ್ದ ಬಾಯಿ, ಊದಿದರೆ ಉಗುಳೂ ಸಿಡಿಯುತ್ತಿತ್ತು. ಅವನು ದಿಂಬಿಗೆ ಮುಖ ಒತ್ತಿಕೊಂಡು ಅತ್ತ. "ನೋವಾಯ್ತಾ?" ಅಂದರು ಡಾಕ್ಟರಮ್ಮ ಗಾಬರಿಯಿಂದ. "ಇಲ್ಲ ತಾಯಿ. ನವೆ."

ಹೊಲಿಗೆ ಹಾಕಿ ಪಟ್ಟಿ ಅಂಟಿಸಿದ ಮೇಲೆ, ಅವನು ಅತ್ತದ್ದಕ್ಕೋ ಏನೋ, ಅವರು ಅವನನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ, ಹಿಂದಿನ ಸಲ ತೆಗೆದ ಚರ್ಮವನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಒಂದು ಕಣ್ಣು ಮುಚ್ಚಿ ಬಗ್ಗಿ ನೋಡಿದ. ನೇರಳೆ ಬಣ್ಣದ ಬೀದಿಯ ಹಾಗಿತ್ತು. ಬೀದಿಯ ತುಂಬ ಕಪ್ಪು ಚುಕ್ಕೆಗಳು ಗುಂಪುಗಟ್ಟಿ ನಿಂತಿದ್ದವು, ಜಗಳಕ್ಕೆ ಸೇರಿದ ಜನದ ಹಾಗೆ. "ಆ ಚುಕ್ಕೆಗಳೆಲ್ಲ ನಿಮ್ಮ ಕಾವಲಿನವರೇ," ಅಂದರು.

"ವೈರಿ ಯಾವ ಕಡೆ ಅವನೆ?"

"ಅದನ್ನೇ ನಾವೂ ಹುಡುಕ್ತಾ ಇರೋದು. ಇದುವರೆಗೆ ಹೊರಗಿನವರು ಯಾರೂ ಸಿಕ್ಕಿಲ್ಲ."

"ಅಂದ್ರೆ ಯಾರೂ ಬಂದೇ ಇಲ್ವಾ?"

"ಬಂದಿಲ್ಲ ಅಂತ ಕಾಣ್ತದೆ. ಎಲ್ಲ ಮನೆಯವರೇ."

ಅವನು ಕಣ್ಣು ತೆಗೆಯಲಿಲ್ಲ. ವಾಸಿಯಾದ ಮೇಲೂ ಇವರೆಲ್ಲ ಹೋಗುವುದಿಲ್ಲ, ಕೆಲವರು ಅದೇ ಜಾಗದಲ್ಲಿ ನೆನಪು ಇಟ್ಟುಕೊಂಡು ಕೂತಿರುತ್ತಾರೆ, ಅವರಿಗೆ ಮರೆಸುವುದು ಹೇಗೆಂದು ಹುಡುಕುವುದೇ ಇಲ್ಲಿನ ಕೆಲಸ, ಎಂದೆಲ್ಲ ಡಾಕ್ಟರಮ್ಮ ಹೇಳುತ್ತಲೇ ಇದ್ದರು. "ಇದು ಇನ್ನೊಬ್ಬರಿಗೆ ಅಂಟಲ್ಲ ಅಂತ ನಿಮ್ಮ ಮನೆಯೋರಿಗೆ ಹೇಳಿದ್ರಾ?" ಎಂದು ಕೇಳಿದರು. ಅವನು ಇಲ್ಲವೆಂದು ತಲೆಯಾಡಿಸಿದ. ಯಾರಿಗೂ ಹೇಳಿರಲಿಲ್ಲ. ತಮ್ಮ ಕೇಳಿಕೊಂಡು ಬರಲಿ ಎಂದು ಕಾದಿದ್ದ.

ಹೊರಗೆ ಬಿಸಿಲು ಮುಖಕ್ಕೆ ಬಡಿಯಿತು. ಬೆನ್ನಿನ ಮರಗಟ್ಟು ಇಳಿದು ಹೊಲಿಗೆ ಎಳೆಯುತ್ತಿತ್ತು. ಅವನು ಬೀದಿಯ ಅಂಚು ಹಿಡಿದು ನಡೆದ. ಕಾಲು ಬೆಳಿಗ್ಗೆ ಗೊತ್ತು ಮಾಡಿಕೊಂಡ ಕಡೆಗೇ ಹೋಗುತ್ತಿತ್ತು, ಕೈ ಮಾತ್ರ ಬೇರೆಯದಕ್ಕೆ ಸಿದ್ಧವಾಗಿತ್ತು. ಚೂರಿ ಕೊಟ್ಟುಬಿಡುವುದು. ಬೇರೇನೂ ಹೇಳುವುದು ಬೇಡ. ಇಟ್ಕೋ, ಅಪ್ಪಂದು, ಅನ್ನುವುದು. ಕೊರಡು ಸುಟ್ಟಿದ್ದರೆ ಸುಟ್ಟಿರಲಿ. ಕಾರೊಂದು ಪಕ್ಕದಲ್ಲೇ ಹಾರನ್ನು ಬಾರಿಸಿ ಬೈದುಕೊಂಡು ಹೋಯಿತು. ತಮ್ಮ ಏನನ್ನಬಹುದು? ಈಗ ನೆನಪಾಯ್ತಾ ಅನ್ನಬಹುದು. ಅಥವಾ ಮುಟ್ಟದೆ, ಅಲ್ಲೇ ಬಿಸಾಕು, ತೊಳಕೋತೀನಿ ಅನ್ನಬಹುದು. ಹಾಗಂದುಬಿಟ್ಟರೆ? ಆ ಒಂದು ಮಾತಿಗೆ ಚೂರಿ ತನ್ನ ಕೈಯಲ್ಲಿ ತಿರುಗಿಬಿಟ್ಟರೆ? ಅವನು ಕಂಬವೊಂದಕ್ಕೆ ಒರಗಿ ನಿಂತ. ನಿಂತಲ್ಲೇ ಟವೆಲಿನಿಂದ ಚೂರಿ ಬಿಡಿಸಿ, ಹಿಡಿಯನ್ನು ಆಚೆಗೆ ಮಾಡಿ, ಅಲಗನ್ನು ತನ್ನ ಅಂಗೈಯಲ್ಲಿ ಹಿಡಿದುಕೊಂಡ. ಹೀಗೆ ಹಿಡಿದರೆ ತಿರುಗುವುದಿಲ್ಲ. ತಿರುಗಿದರೆ ಕುಯ್ಯುವುದು ತನ್ನ ಕೈಯನ್ನೇ. ಅದರ ಮೇಲೆ ಟವೆಲು ಇಳಿಬಿಟ್ಟುಕೊಂಡು ನಡೆದ.

ಅಂಗಡಿಯಲ್ಲಿ ಗಿರಾಕಿಗಳು ಇರಲಿಲ್ಲ. ಕೊಕ್ಕೆಗೆ ಅರ್ಧ ಕುರಿ ನೇತಾಡುತ್ತಿತ್ತು. ಕೊರಡು ಇದ್ದಲ್ಲೇ ಇತ್ತು. ಅದೇ ತಗ್ಗು, ಅದೇ ಕೆಂಪು, ಒಂದು ಕಡೆ ಬಾಯಿ ಬಿಟ್ಟ ಸೀಳಿಗೆ ಹೊಸದಾಗಿ ಕಬ್ಬಿಣದ ಪಟ್ಟಿ ಬಿಗಿದಿತ್ತು. ತಮ್ಮ ಅದರ ಹಿಂದೆ, ಒಂದು ಕೈಯಲ್ಲಿ ಮಚ್ಚು, ಇನ್ನೊಂದರಲ್ಲಿ ಕಿವಿಗೆ ಒತ್ತಿದ ಫೋನು ಹಿಡಿದು ನಿಂತಿದ್ದ. ಫೋನಿನಲ್ಲಿ ಹೇಳುತ್ತಿರುವವರ ಮಾತು ಇನ್ನೂ ಮುಗಿದಿರಲಿಲ್ಲ. ತಮ್ಮನ ಕಣ್ಣು ಅಣ್ಣನ ಮುಖಕ್ಕೆ ಬರಲಿಲ್ಲ. ಟವೆಲಿನ ಮೇಲೆ ನಿಂತಿತು.

ಇವನು ಮೆಟ್ಟಿಲು ಹತ್ತಿದ. ಟವೆಲು ಜಾರಿ ಬಿತ್ತು. ಚೂರಿಯನ್ನು ಕೊರಡಿನ ಮೇಲೆ ಇಡಲು ಕೈ ಮುಂದೆ ಮಾಡಿದ. ಮಾಡಿದ ಕೈ ಮರಕ್ಕೆ ಒಂದು ಗೇಣು ಮೇಲೆ ನಿಂತುಬಿಟ್ಟಿತು. ಮುಟ್ಟಬೇಡ. ಆ ಕೂಗು ಮರದಲ್ಲೇ ಇತ್ತು, ಇನ್ನೂ ಆರಿರಲಿಲ್ಲ. ಅಂಗಿಯ ತೋಳಿನಿಂದ ಏನಾದರೂ ಉದುರೀತು ಎಂದು ಅವನು ಕೈಯನ್ನು ಕೊರಡಿನಿಂದ ಎತ್ತರಿಸಿ, ಅದರ ಮೇಲಿಂದ ಆಚೆಗೆ, ತಮ್ಮನ ಎದೆಯ ನೇರಕ್ಕೆ ಚಾಚಿದ. "ತಗೋ," ಅಂದ.

ಮಚ್ಚು ಬಂದದ್ದು ಅವನಿಗೆ ಕಾಣಲಿಲ್ಲ. ಸದ್ದು ಕೇಳಿಸಿತು. ಮುಂಗೈಯ ಮೂಳೆ ಕಡಿದ ಸದ್ದು. ಮೂಳೆ ಕಡಿಯುವ ಸದ್ದು ಇಬ್ಬರಿಗೂ ಗೊತ್ತಿತ್ತು, ದಿನವೂ ಕೇಳಿದ್ದು. ಒಂದು ಕ್ಷಣ ಅದು ಯಾರ ಮೂಳೆ ಎಂದು ಇಬ್ಬರಿಗೂ ತಿಳಿಯಲಿಲ್ಲ. ಆಮೇಲೆ ರಕ್ತ ತಮ್ಮನ ಮುಖಕ್ಕೆ ಸಿಡಿಯಿತು. ಚೂರಿ ಕೆಳಗೆ ಬಿದ್ದು ಉರುಳಿತು. ಹಿಡಿ ತಮ್ಮನ ಪಾದದ ಕಡೆಗಿತ್ತು, ಅಲಗು ಇವನ ಕಡೆಗೆ. ತಮ್ಮ ಅದನ್ನು ನೋಡಿದ. ಮಚ್ಚೂ ಫೋನೂ ಕೈಬಿಟ್ಟ. "ಅಣ್ಣಾ," ಅಂದ. ಮತ್ತೆ ಅಂದ. ಎರಡೂ ಕೈಯಿಂದ ಅಣ್ಣನ ತೋಳನ್ನು ಹಿಡಿದುಕೊಂಡು, ಎಳೆದು ಕೊರಡಿನ ಮೇಲೆ ಒತ್ತಿ, ಏಪ್ರನ್ನು ಹರಿದು ಸುತ್ತತೊಡಗಿದ, ಬಿಗಿಯಾಗಿ, ಇನ್ನೂ ಬಿಗಿಯಾಗಿ. ಹುರುಪೆ ತಮ್ಮನ ಬೆರಳಿಗೆ, ಅಂಗೈಗೆ, ಮುಖಕ್ಕೆ ರಕ್ತದ ಜೊತೆ ಅಂಟಿಕೊಂಡಿತು. ಅವನು ಒರೆಸಿಕೊಳ್ಳಲಿಲ್ಲ.

"ಕೊರಡಿನ ಮೇಲೆ ಇಡಬಾರದಿತ್ತಾ! ಅಣ್ಣಾ! ಕೈಯಲ್ಲಿ ಯಾಕೆ ಚಾಚ್ದೆ? ಅಪ್ಪ ಹೊಡೆದಿದ್ದು ಮರೆತೋಯ್ತಾ ನಿನಗೆ?"

"ನೀನೇ ಮುಟ್ಟಬೇಡ ಅಂದಿದ್ದೆಯಲ್ಲೋ."

ತಮ್ಮ ಇನ್ನೊಂದು ಗಂಟು ಬಿಗಿದ. ಯಾರಾದ್ರೂ ಬನ್ರೋ, ಗಾಡಿ ತನ್ರೋ ಎಂದು ಬೀದಿಯ ಕಡೆ ತಿರುಗಿ ಕೂಗಿದ.

"ಕೊರಡು ಸುಡ್ತೀನಿ ಅಂದ್ಯಂತೆ," ಅಂದ ಅಣ್ಣ. ನಾಲಿಗೆ ದಪ್ಪವಾಗುತ್ತಿತ್ತು.

"ಯಾರಂದ್ರು?"

ನೆಲದ ಮೇಲೆ, ಕೊಬ್ಬಿನ ಚೂರುಗಳ ನಡುವೆ ಬಿದ್ದಿದ್ದ ಫೋನು ಇನ್ನೂ ಮಾತಾಡುತ್ತಿತ್ತು. ಅಣ್ಣನ ಹೆಂಡತಿಯ ಧ್ವನಿ, ಸಣ್ಣದಾಗಿ, ಅಳುತ್ತಾ: "ಪೆಟ್ಟಿಗೇಲಿ ಚೂರಿ ಇಲ್ಲ ಕಣೋ. ನಿಮ್ಮಣ್ಣ ಅದನ್ನ ಹಿಡ್ಕೊಂಡು ಅಲ್ಲಿಗೇ ಬರ್ತಾರೆ, ನನಗೆ ಗೊತ್ತು. ಬಾಗಿಲು ಹಾಕ್ಕೋ. ಹುಷಾರು. ನಿನಗೆ ತಿಳಿದಿರ್ಲಿ ಅಂತ ಹೇಳ್ದೆ… ಕೇಳಿಸ್ತಾ ಇದ್ಯಾ?"

ಕೇಳಿಸುತ್ತಿತ್ತು, ಇಬ್ಬರಿಗೂ. ತಮ್ಮ ಕೊರಡಿನ ಮೇಲೆ ಬಗ್ಗಿ, ತನ್ನ ಮೈಭಾರವನ್ನೆಲ್ಲ ಆ ಗಾಯದ ಮೇಲೆ ಹಾಕಿ ಒತ್ತಿಕೊಂಡಿದ್ದ. ಅವನ ಬಾಯಿಯ ಬಿಸಿ ಅಣ್ಣನ ಬೆರಳಿಗೆ ತಾಗುತ್ತಿತ್ತು. ಆ ಬೆರಳು ಮರದ ತಗ್ಗಿನಲ್ಲಿ ಬಿದ್ದಿತ್ತು. ಎಷ್ಟೋ ಕಾಲದ ಮೇಲೆ ಅದು ಮರವನ್ನು ಮುಟ್ಟಿತ್ತು. ಮರ ತಣ್ಣಗಿತ್ತು, ಒದ್ದೆಯಾಗಿತ್ತು, ಅಣ್ಣನದೇ ಏಟುಗಳಿಂದ ಸವೆದಿತ್ತು. ಮುಟ್ಟಬೇಡ ಎಂದು ಈಗ ಯಾರೂ ಅನ್ನಲಿಲ್ಲ.